ನಿಮಗಿದು ಗೊತ್ತೆ? ಡ್ರಾಕುಲಾನೂ ಧೀರೋದ್ಧತನೇ!

ಪ್ರೊತಿಮಾ ಬೇಡಿ 1990ರಲ್ಲಿ ಹೆಸರಘಟ್ಟದಲ್ಲಿ ಕಟ್ಟಿದ ನೃತ್ಯಗ್ರಾಮದಲ್ಲಿ ಒಡಿಸ್ಸಿ ಕಲಿಯುವವರಿಗೆ ಅಷ್ಟನಾಯಿಕೆಯರು ಹೊಸಬರಲ್ಲ. ಭರತನ ನಾಟ್ಯಶಾಸ್ತ್ರ ಹೇಳುವ ಈ ಎಂಟು ಬಗೆಯ ನಾಯಿಕೆಯರಲ್ಲಿ ಅಭಿಸಾರಿಕೆಯದೇ ಗಟ್ಟಿ ಗುಂಡಿಗೆ. ಕಗ್ಗತ್ತಲು, ಮಳೆ, ಕಾಲಿಗೆ ತೊಡರುವ ಹಾವು. ಗೆಜ್ಜೆ ಸದ್ದಾಗದಂತೆ ಹೆಜ್ಜೆಯಿಟ್ಟು ನಲ್ಲನತ್ತ ಹೊರಟೇಬಿಡುತ್ತಾಳೆ. ರಕ್ತಪಿಶಾಚಿಯನ್ನು ಪ್ರೀತಿಸುವ ಇಂದಿನ ಕಾದಂಬರಿಗಳ ನಾಯಕಿ ಇವಳ ದೂರದ ತಂಗಿ.

ನಾಯಕರ ಲೆಕ್ಕವೂ ನಮ್ಮಲ್ಲಿ ಹಳೆಯದು. 10ನೇ ಶತಮಾನದ ಧನಂಜಯನ 'ದಶರೂಪಕ'ದ ಪ್ರಕಾರ ದರ್ಪ, ಮತ್ಸರ, ಮಾಯೆ, ಕಪಟ, ಸಿಡುಕು ತುಂಬಿದವನು ಧೀರೋದ್ಧತ. ಬ್ರಾಮ್ ಸ್ಟೋಕರ್ 1897ರಲ್ಲಿ ಸೃಷ್ಟಿಸಿದ ರಕ್ತಪಿಶಾಚಿ ಡ್ರಾಕುಲಾನಿಗೆ ಇದು ಅಳತೆ ಕೊಟ್ಟು ಹೊಲಿಸಿದ ಅಂಗಿ! 2005ರ 'ಟ್ವಿಲೈಟ್' ಕಾದಂಬರಿಯ ರಕ್ತಪಿಶಾಚಿ ಎಡ್ವರ್ಡ್ ಪಿಯಾನೊ ನುಡಿಸುವ ಕಲಾಪ್ರಿಯ, ಹಾಗಾಗಿ ಇನ್ನೊಂದು ಬಗೆಯ ನಾಯಕನಾದ ಧೀರಲಲಿತನಿಗೆ ಹತ್ತಿರ. ಆದರೆ ಧೀರಲಲಿತ ನಿಶ್ಚಿಂತ. ಈತನಿಗೋ ನಲ್ಲೆಯ ಕತ್ತು ಕಂಡರೆ ಸಾಕು, ಚಿಂತೆ ಶುರು.

ಇಂಥ ಕಥೆಗಳಲ್ಲಿ ಮನೆಯ ಹೊಸಿಲೂ ಒಂದು ಸಂಕೇತ. ಮನೆಯವರು ಕರೆಯದೆ ಡ್ರಾಕುಲಾ ಮೊದಲ ಬಾರಿ ಒಳಗೆ ಕಾಲಿಡಲಾರ. 1990ರ ದಶಕದಲ್ಲಿ ಬೆಂಗಳೂರಿನವರು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕಿದ್ದೂ ಹೊಸಿಲಿನಾಚೆಗೇ. ಗಿರೀಶ ಕಾರ್ನಾಡರ 'ನಾಗಮಂಡಲ'ದ ನಾಗನಿಗೆ ಮಾತ್ರ ಈ ಕಟ್ಟಳೆಯೇ ಇಲ್ಲ. ರಾತ್ರಿ ಬಚ್ಚಲ ಮೋರಿಯಿಂದ ನುಸುಳಿ, ನಾಯಕಿ ರಾಣಿಯ ಗಂಡ ಅಪ್ಪಣ್ಣನ ರೂಪ ತಾಳಿ ಅವಳ ಬಳಿ ಬರುತ್ತಾನೆ. ಜನಪದ ಕಥೆಯಿಂದ ಹುಟ್ಟಿದ ಈ ನಾಟಕವನ್ನು ಟಿ.ಎಸ್. ನಾಗಾಭರಣ 1997ರಲ್ಲಿ ಸಿನಿಮಾ ಮಾಡಿದರು. ಅದರಲ್ಲಿ ಅಪ್ಪಣ್ಣ, ನಾಗ ಎರಡೂ ಪಾತ್ರ ಪ್ರಕಾಶ್ ರೈ ಅವರದೇ.