ಬಸುರಿಯ ಬುತ್ತಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಕಬ್ಬಿನ ಸೀಮೆ. ಬಸುರಿಗೆ ಹಸಿರು ಕುಬಸ ತೊಡಿಸುವ ದಿನ ಬಂಧುಗಳು ಹೋಳಿಗೆ, ಕರ್ಚಿಕಾಯಿಗಳ ಬುತ್ತಿ ಹೊತ್ತು ಬರುವರು. ಅವಳಿಗೆ ಸಕ್ಕರೆರೋಗವಿದ್ದರೆ ಈ ಅಕ್ಕರೆಯೇ ತೊಡಕಾದೀತು.

ಗರ್ಭ ಬೆಳೆದಂತೆ ಮಾಸು ಸ್ರವಿಸುವ ಹಾರ್ಮೋನುಗಳು ಇನ್ಸುಲಿನ್ನಿನ ಕಾರ್ಯವನ್ನು ಕುಗ್ಗಿಸುವುವು. ಆ ಕೊರತೆಯನ್ನು ತಾಯಿಯ ದೇಹ ತುಂಬಿಕೊಳ್ಳದಿದ್ದರೆ ರಕ್ತದಲ್ಲಿ ಸಕ್ಕರೆ ಏರುವುದು. ಆ ಸಕ್ಕರೆ ಮಾಸುವನ್ನು ದಾಟಿ ಶಿಶುವನ್ನು ಸೇರುವುದು. ತಾಯಿಯ ಇನ್ಸುಲಿನ್ ದಾಟದು. ಶಿಶು ತಾನೇ ಅಧಿಕ ಇನ್ಸುಲಿನ್ ತಯಾರಿಸಿಕೊಂಡು ಮಿತಿಮೀರಿ ಬೆಳೆಯುವುದರಿಂದ ಹೆರಿಗೆ ಕಠಿಣವಾಗುವುದು. ಹುಟ್ಟಿದ ಕೆಲವು ಗಂಟೆಗಳಲ್ಲಿ ಕೂಸಿನ ರಕ್ತದ ಸಕ್ಕರೆ ತೀರ ಇಳಿಯುವ ಭಯವೂ ಉಂಟು.

2014ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ, ಬಸುರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆಗಳ ಬಳಿಕ ರಕ್ತಪರೀಕ್ಷೆ ಮಾಡುವರು. 100 ಮಿಲಿಲೀಟರಿಗೆ 140 ಮಿಲಿಗ್ರಾಂ ಅಥವಾ ಹೆಚ್ಚು ಸಕ್ಕರೆ ಕಂಡರೆ ರೋಗವಿದೆಯೆಂದು ಅರ್ಥ. ಮೊದಲು ಕಾಣದಿದ್ದರೂ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕು.

ಇದಕ್ಕೆ ಉಪವಾಸ ಮದ್ದಲ್ಲ. ಅದರಿಂದ ಶಿಶುವಿನ ಪೋಷಣೆ ಕುಂದುವುದು. ಜೋಳದ ರೊಟ್ಟಿಯನ್ನೂ ಬಿಡಬೇಕಾಗಿಲ್ಲ. ಒಂದೇ ಹೊತ್ತಿಗೆ ಹೊಟ್ಟೆತುಂಬ ಉಣ್ಣುವ ಬದಲು ಮೂರು ಮಿತವಾದ ಊಟ, ನಡುನಡುವೆ ಎರಡು ಮೂರು ಸಲ ಅಲ್ಪಾಹಾರವೆಂದು ಹಂಚಿಕೊಳ್ಳಬೇಕು. ರೊಟ್ಟಿಯೊಡನೆ ಹೆಸರುಕಾಳು, ಮೆಂತ್ಯದ ಸೊಪ್ಪು, ಮೊಸರು ಇದ್ದರೆ ಸಕ್ಕರೆ ರಕ್ತಕ್ಕೆ ಮೆಲ್ಲನೆ ಇಳಿಯುವುದು. ಸಕ್ಕರೆಗಿಂತ ಬೆಲ್ಲ ನಿರಪಾಯವೆಂಬ ನಂಬಿಕೆ ಈ ಸೀಮೆಯಲ್ಲಿ ಬಲವಾಗಿದೆ. ಬೆಲ್ಲ ಮಹಾಲಿಂಗಪುರದ್ದೇ ಆಗಲಿ, ರಕ್ತ ಆ ಭೇದವನ್ನು ಅರಿಯದು!

ಎರಡು ವಾರಗಳ ಪಥ್ಯದ ಮೇಲೂ, ಉಂಡ 2 ಗಂಟೆಗಳ ಬಳಿಕ ಸಕ್ಕರೆ 120 ಮಿಲಿಗ್ರಾಮಿಗಿಂತ ಕೆಳಗಿಳಿಯದಿದ್ದರೆ ವೈದ್ಯರು ಔಷಧವನ್ನು ಆರಂಭಿಸುವರು. ಹೆರಿಗೆಯಾದ 6 ವಾರಗಳಿಗೆ ತಾಯಿಯ ರಕ್ತವನ್ನು ಪುನಃ ಪರೀಕ್ಷಿಸಬೇಕು. ತೊಟ್ಟಿಲ ಸಂಭ್ರಮದಲ್ಲಿ ಇದನ್ನು ಮರೆಯುವವರೇ ಹೆಚ್ಚು.