ಹಳೆ ಡೀಸೆಲ್ ಲಾರಿ ಘಾಟಿನಲ್ಲಿ ದಮ್ ಕಳ್ಕೊಂಡ್ರೆ: ಪಂಪ್ ಬಿಚ್ಚೋ ಮೊದಲು ಟ್ಯಾಂಕ್ ನೋಡಿ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಗಾಡಿ ಪಕ್ಕ ನಿಂತು ಫೋನಿನಲ್ಲಿ ಓದ್ಕೊಳ್ಳೋರಿಗೆ ಅಂತ ಈ ವಾರದ ಮಾತನ್ನ ಇಲ್ಲಿ ಬರಹಕ್ಕೆ ಇಳಿಸಿದ್ದೀವಿ.

ವಿಜಯಪುರ ಕಡೆಯವರೊಬ್ಬರು ಪುಣೆಯಲ್ಲಿ ನೆಲೆಸಿದ್ದಾರೆ. ಅವರ ಹತ್ರ ಒಂದೇ ಒಂದು ಹಳೆ ಟಾಟಾ ಲಾರಿ. ಕಳಂಬೋಲಿಯಲ್ಲಿ ಕಬ್ಬಿಣ ತುಂಬಿಸಿ ಪುಣೆಗೆ ತರೋದು ಕೆಲಸ. ಖೋಪೋಲಿ ದಾಟಿ ಘಾಟ್ ಹತ್ತೋವಾಗ ಗಾಡಿ ದಮ್ ಕಳ್ಕೊಂಡು ನಿಂತುಬಿಡ್ತಿತ್ತು. ಗ್ಯಾರೇಜಿಗೆ ಹೋಗಿ ಇವರೇ "ಪಂಪ್ ಹೋಗಿದೆ ಅನ್ಸುತ್ತೆ" ಅಂದ್ರು. ಗ್ಯಾರೇಜಿನವರು "ಹಾಗಾದ್ರೆ ಪಂಪ್ ಇಳಿಸೋಣ" ಅಂದ್ರು. ಹೇಳಿದ ಖರ್ಚು ಇವರ ಒಂದು ತಿಂಗಳ ದುಡಿಮೆ. ಹಣ ಕಟ್ಟೋ ಮೊದಲು ನಮಗೆ ಫೋನ್ ಮಾಡಿದ್ರು. ನಾನು ಕೇಳಿದ್ದು ಒಂದೇ: "ಡ್ರೈವರ್ ಏನಂತಾರೆ?" ಅವರು ಡ್ರೈವರ್ ಕೈಗೆ ಫೋನ್ ಕೊಟ್ರು.

"ಟಾಕಿ ತುಂಬಿದ್ರ ಏನೂ ಆಗೂದಿಲ್ರಿ ಅಣ್ಣಾರ. ಅರ್ಧಕ್ಕಿಂತ ಕೆಳಗ ಇಳೀತಂದ್ರ ಘಾಟಿನ್ಯಾಗ ದಮ್ ಕಡೀತೈತಿ."

ಈ ಮಾತನ್ನ ನೆನಪಿಟ್ಕೊಳ್ಳಿ, ಕೊನೆಗೆ ಇಲ್ಲಿಗೇ ಬರ್ತೀವಿ.

ಡೀಸೆಲ್ ಹೋಗೋ ದಾರಿ

ನಾನು ಹೇಳ್ತಿರೋದು ಸಾಲು ಪಂಪ್ ಇರೋ ಹಳೆ ಗಾಡಿಗಳ ವಿಷಯ. ಈ ಪಂಪನ್ನ ಎಷ್ಟೋ ಮೆಕ್ಯಾನಿಕ್‌ಗಳು ಇವತ್ತಿಗೂ "ಮೈಕೋ ಪಂಪ್" ಅಂತಲೇ ಕರೀತಾರೆ. ಮೈಕೋ ಅಂದ್ರೆ 1951ರಲ್ಲಿ ಶುರುವಾದ, ನಮ್ಮ ಬೆಂಗಳೂರು ಆಡುಗೋಡಿಯ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಅಂತ ಬದಲಾಯ್ತು.

ಟ್ಯಾಂಕಿನೊಳಗೆ ಒಂದು ಹೀರು ಪೈಪ್ ಇಳಿದಿರುತ್ತೆ. ಅಲ್ಲಿಂದ ಲೈನ್ ಫೀಡ್ ಪಂಪಿಗೆ ಬರುತ್ತೆ. ಫೀಡ್ ಪಂಪ್ ಡೀಸೆಲ್ ಎಳೆದು ಫಿಲ್ಟರ್‌ಗಳ ಮೂಲಕ ದೊಡ್ಡ ಪಂಪಿಗೆ ತಳ್ಳುತ್ತೆ. ಇಲ್ಲಿನ ಒತ್ತಡ ಸುಮಾರು 1ರಿಂದ 2 ಬಾರ್ ಅಷ್ಟೆ. ದೊಡ್ಡ ಪಂಪ್ ಅದನ್ನ ನಾಝಲ್‌ಗಳಿಗೆ ಕಳಿಸುತ್ತೆ. ನಾಝಲ್ ಬಾಯಿ ತೆರೀಬೇಕಾದ್ರೆ ಸುಮಾರು 200 ಬಾರ್ ಆಸುಪಾಸು ಬೇಕು.

ಈಗ ಮುಖ್ಯವಾದ ವಿಷಯ. ಫೀಡ್ ಪಂಪ್ ಆದಮೇಲೆ ಎಲ್ಲಾದ್ರೂ ಸೀಳಿದ್ರೆ ಡೀಸೆಲ್ ಹೊರಗೆ ಒಸರುತ್ತೆ, ಕಣ್ಣಿಗೆ ಕಾಣುತ್ತೆ. ಫೀಡ್ ಪಂಪಿಗಿಂತ ಮೊದಲು, ಅಂದ್ರೆ ಟ್ಯಾಂಕ್ ಕಡೆ ಸೀಳಿದ್ರೆ, ಗಾಡಿ ಓಡ್ತಿರುವಾಗ ಒಂದು ತೊಟ್ಟೂ ಹೊರಗೆ ಬರದೇ ಇರಬಹುದು. ಯಾಕಂದ್ರೆ ಅಲ್ಲಿ ಎಳೆತ ಇದೆ. ಡೀಸೆಲ್ ಹೊರಗೆ ಹೋಗಲ್ಲ, ಗಾಳಿ ಒಳಗೆ ಬರುತ್ತೆ. ಗಾಳಿಯನ್ನ ಅದುಮಿದ್ರೆ ಕುಗ್ಗುತ್ತೆ, ಡೀಸೆಲ್ ಹಾಗೆ ಕುಗ್ಗಲ್ಲ. ಗಾಳಿ ಸೇರಿದ್ರೆ ದೊಡ್ಡ ಪಂಪ್ ಎಷ್ಟೇ ಒತ್ತಿದ್ರೂ ನಾಝಲ್ ತೆರೆಯೋವಷ್ಟು ಒತ್ತಡ ಏರಲ್ಲ. ಪಂಪ್ ಸರಿಯಾಗೇ ಇರುತ್ತೆ, ತಪ್ಪು ಮಾತ್ರ ಅದರ ತಲೆ ಮೇಲೆ ಬರುತ್ತೆ.

ಮೊದಲು ಹೊಗೆ ನೋಡಿ

ಸೆಲ್ಫ್ ಹೊಡೀತಿದ್ದೀರಿ, ಸೈಲೆನ್ಸರ್‌ನಲ್ಲಿ ಹೊಗೆಯೇ ಇಲ್ಲ: ಡೀಸೆಲ್ ಸಿಲಿಂಡರ್‌ಗೆ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬರ್ತಿದೆ: ಡೀಸೆಲ್ ಮುಟ್ಟುತ್ತಿದೆ, ಸರಿಯಾಗಿ ಉರೀತಿಲ್ಲ. ಅದಕ್ಕೆ ಕಂಪ್ರೆಷನ್ ಅಥವಾ ಟೈಮಿಂಗ್ ನೋಡಬೇಕು. ಲೋಡಿನಲ್ಲಿ ದಮ್ ಇಲ್ಲ, ಆದ್ರೆ ಕಪ್ಪು ಹೊಗೆ ದಟ್ಟವಾಗಿದೆ: ಡೀಸೆಲ್‌ಗೆ ಬರ ಇಲ್ಲ. ಏರ್ ಫಿಲ್ಟರ್, ಆಮೇಲೆ ನಾಝಲ್ ನೋಡಿ. ದಮ್ಮೂ ಇಲ್ಲ, ಹೊಗೆಯೂ ಇಲ್ಲ ಅಂದ್ರೆ ಡೀಸೆಲ್ ಸಾಲ್ತಿಲ್ಲ. ನಮ್ಮ ವಿಜಯಪುರದವರ ಗಾಡಿ ಹೀಗೇ ಇತ್ತು.

ಟ್ಯಾಂಕಿನಿಂದ ಮುಂದಕ್ಕೆ, ಒಂದೊಂದಾಗಿ

ಒಂದು: ಸ್ಟಾಪ್ ಕೇಬಲ್ ಪೂರ್ತಿ ವಾಪಸ್ ಬರ್ತಿದೆಯಾ? ಆಕ್ಸಿಲರೇಟರ್ ತುಳಿದಾಗ ಪಂಪಿನ ಲಿವರ್ ಕೊನೆವರೆಗೂ ಹೋಗ್ತಿದೆಯಾ? ನಗಬೇಡಿ. ಇದನ್ನ ನೋಡದೆ ಪಂಪ್ ಇಳಿಸಿದವರಿದ್ದಾರೆ.

ಎರಡು: ಟ್ಯಾಂಕಿನ ಮುಚ್ಚಳ. ಗಾಳಿ ಒಳಗೆ ಹೋಗೋ ಸಣ್ಣ ದಾರಿ ಧೂಳಿನಿಂದ ಮುಚ್ಚಿದ್ರೆ, ಸ್ವಲ್ಪ ದೂರ ಓಡಿ ಗಾಡಿ ನಿಲ್ಲುತ್ತೆ, ಹತ್ತಿಪ್ಪತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಆಗುತ್ತೆ. ಗಾಡಿ ನಿಂತ ಕೂಡಲೇ ಮುಚ್ಚಳ ತಿರುಗಿಸಿ. ಉಸ್ಸಂತ ಗಾಳಿ ಒಳಗೆ ನುಗ್ಗಿದ್ರೆ ಕಳ್ಳ ಸಿಕ್ಕಿಬಿದ್ದ.

ಮೂರು: ರಾತ್ರಿಯೆಲ್ಲ ನಿಂತ ಗಾಡಿಯ ಟ್ಯಾಂಕಿನ ಕೆಳಗಿನ ಪ್ಲಗ್ ಬಿಚ್ಚಿ ಸ್ವಲ್ಪ ಡೀಸೆಲ್ ಗಾಜಿನ ಬಾಟ್ಲಿಗೆ ಹಿಡೀರಿ. ನೀರಿದ್ರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತೆ. ಮಳೆಗಾಲದಲ್ಲಿ ಇದನ್ನ ತಪ್ಪಿಸಬೇಡಿ. ಪಂಪಿನ ಪ್ಲಂಜರ್‌ಗೆ ಡೀಸೆಲೇ ಎಣ್ಣೆ. ನೀರು ಹೋದ್ರೆ ಆಗ ನಿಜವಾಗಲೂ ಪಂಪ್ ಹೋಗುತ್ತೆ.

ನಾಲ್ಕು: ಫೀಡ್ ಪಂಪಿನ ಬಾಯಲ್ಲಿರೋ ಸಣ್ಣ ಜಾಲರಿ. ಮುಖ್ಯ ಫಿಲ್ಟರ್ ಹೊಸದು ಹಾಕಿ ಇದನ್ನ ಮರೆಯೋರೇ ಜಾಸ್ತಿ. ಬಿಚ್ಚಿ, ಡೀಸೆಲ್‌ನಲ್ಲೇ ತೊಳೀರಿ.

ಐದು: ಹ್ಯಾಂಡ್ ಪ್ರೈಮರ್ ಒತ್ತಿ ನೋಡಿ. ಮೇಲಕ್ಕೆತ್ತೋದೇ ಕಷ್ಟ ಆದ್ರೆ ಟ್ಯಾಂಕ್ ಕಡೆ ಎಲ್ಲೋ ಕಟ್ಟಿದೆ. ಎಷ್ಟು ಒತ್ತಿದ್ರೂ ಮೆತ್ತಗೇ ಇದ್ರೆ ಗಾಳಿ ಎಳೀತಿದೆ, ಇಲ್ಲಾ ಫೀಡ್ ಪಂಪಿನ ವಾಲ್ವ್ ಹಿಡೀತಿಲ್ಲ.

ಆರು: ಎಲ್ಲಕ್ಕಿಂತ ಒಳ್ಳೇ ಪರೀಕ್ಷೆ ಇದು. ಫೀಡ್ ಪಂಪಿಗೆ ಬರೋ ಲೈನಿನಲ್ಲಿ ಒಂದು ತುಂಡು ಪಾರದರ್ಶಕ ಡೀಸೆಲ್ ಹೋಸ್ ಹಾಕಿ, ನಿಂತಲ್ಲೇ ರೇಸ್ ಮಾಡಿ. ಗುಳ್ಳೆ ಓಡ್ತಿದ್ರೆ ಗಾಳಿ ಬರ್ತಿದೆ. ಆಮೇಲೆ ಟ್ಯಾಂಕ್ ಲೈನ್ ಬಿಡಿಸಿ, ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ಇಟ್ಟು ಹೊಸ ಹೋಸಿನಿಂದ ಅಲ್ಲಿಂದಲೇ ಎಳೆಸಿ. ಗುಳ್ಳೆ ನಿಂತ್ರೆ ತಪ್ಪು ಹಿಂದೆ ಇದೆ, ಟ್ಯಾಂಕ್ ಕಡೆ. ಕ್ಯಾನ್ ಸೈಲೆನ್ಸರ್ ಹತ್ರ ಇಡಬೇಡಿ, ಹೀಗೆ ಕಟ್ಕೊಂಡು ರಸ್ತೆಗಿಳೀಬೇಡಿ.

ಇಷ್ಟೂ ಸರಿ ಇದ್ರೆ ಮಾತ್ರ ಫೀಡ್ ಪಂಪ್, ದೊಡ್ಡ ಪಂಪಿನ ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್, ಆಮೇಲೆ ನಾಝಲ್. ಪಂಪ್ ಇಳಿಸೋದು ಎಲ್ಲಕ್ಕಿಂತ ಕೊನೆಗೆ.

ಗಾಳಿ ತೆಗೆಯೋದು

ಲೈನ್ ಬಿಚ್ಚಿದ ಮೇಲೆ ಗಾಳಿ ತೆಗೀಲೇಬೇಕು. ಮೊದಲು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಪ್ರೈಮರ್ ಒತ್ತಿ. ನೊರೆ ಹೋಗಿ ಬರೀ ಡೀಸೆಲ್ ಬರೋಕೆ ಶುರುವಾದಾಗ, ಅದು ಹರೀತಿರುವಾಗಲೇ ಬಿಗಿ ಮಾಡಿ. ಆಮೇಲೆ ದೊಡ್ಡ ಪಂಪಿನ ಸ್ಕ್ರೂ, ಹೀಗೇ. ಆಮೇಲೂ ಸ್ಟಾರ್ಟ್ ಆಗದಿದ್ರೆ ನಾಝಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಸಿ, ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ತಾಮ್ರದ ವಾಷರ್ ಹೊಸದೇ ಹಾಕಿ. ಕೊನೆಗೆ ಪ್ರೈಮರ್ ಗುಂಡಿ ಕೆಳಗೊತ್ತಿ ತಿರುಗಿಸಿ ಕೂರಿಸೋದು ಮರೀಬೇಡಿ.

ಎರಡು ಎಚ್ಚರಿಕೆ. ಒತ್ತಡದ ಡೀಸೆಲ್ ಸಿಡಿಯೋ ಜಾಗಕ್ಕೆ ಬೆರಳು ಒಡ್ಡಬೇಡಿ, ಲೀಕ್ ಹುಡುಕೋಕೆ ರಟ್ಟಿನ ತುಂಡು ಹಿಡೀರಿ. ಚರ್ಮದೊಳಗೆ ಡೀಸೆಲ್ ಹೊಕ್ಕಿದ್ರೆ ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತೆ, ಒಳಗೆ ಕೊಳೆತು ಬೆರಳೇ ಹೋಗಬಹುದು. ನೋವಿಲ್ಲದಿದ್ರೂ ಕೂಡಲೇ ಆಸ್ಪತ್ರೆಗೆ ಓಡಿ. ಇನ್ನೊಂದು, ಹೊಸ ಕಾಮನ್ ರೈಲ್ ಗಾಡಿಯಲ್ಲಿ ಇಂಜಿನ್ ತಿರುಗುವಾಗ ಈ ನಟ್ ಯಾವತ್ತೂ ಸಡಿಲಿಸಬೇಡಿ. ಅಲ್ಲಿ ಒತ್ತಡ 1000 ಬಾರ್ ಮೀರುತ್ತೆ.

ಡ್ರೈವರ್ ಹೇಳಿದ್ದೇ ಸರಿ

ಪುಣೆಯ ಗಾಡಿಗೆ ಮತ್ತೆ ಬರೋಣ. ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಇರುವಾಗ ಪಾರದರ್ಶಕ ಹೋಸ್ ಹಾಕಿದ್ರು. ಗುಳ್ಳೆ ಬಂತು. ಹಳೆ ರಬ್ಬರ್ ಪೈಪ್ ಬದಲಾಯಿಸಿದ್ರು, ಆದ್ರೂ ಗುಳ್ಳೆ. ಕ್ಯಾನಿನಿಂದ ಎಳೆಸಿದ್ರು, ಗುಳ್ಳೆ ನಿಂತಿತು. ಆಗ ಟ್ಯಾಂಕಿನ ಹೀರು ಪೈಪ್ ಹೊರಗೆ ತೆಗೆದ್ರು. ನಡುವೆ ತುಕ್ಕು ತಿಂದು ಸೂಜಿಮೊನೆಯಷ್ಟು ತೂತು!

ಟ್ಯಾಂಕ್ ತುಂಬಿದ್ದಾಗ ತೂತು ಡೀಸೆಲ್‌ನಲ್ಲಿ ಮುಳುಗಿರುತ್ತೆ, ಒಳಗೆ ಬರೋದೂ ಡೀಸೆಲೇ. ಮಟ್ಟ ಇಳಿದ್ರೆ ತೂತು ಗಾಳಿಗೆ ತೆರೆದುಕೊಳ್ಳುತ್ತೆ. ಸಮ ರಸ್ತೆಯಲ್ಲಿ ಆ ಚೂರು ಗಾಳಿ ಓವರ್‌ಫ್ಲೋ ದಾರಿಯಲ್ಲಿ ವಾಪಸ್ ಹೋಗುತ್ತೆ. ಘಾಟಿನಲ್ಲಿ ಫುಲ್ ಲೋಡ್, ಇಂಜಿನ್‌ಗೆ ಡೀಸೆಲ್ ಜಾಸ್ತಿ ಬೇಕು, ಆಗ ದಮ್ ಕಡೀತದೆ. ಡ್ರೈವರ್ ಹೇಳಿದ್ದೂ ಅಕ್ಷರಶಃ ಇದನ್ನೇ.

ಪೈಪ್ ಹೊಸದು ಹಾಕಿಸಿದ ಖರ್ಚು ಪಂಪ್ ರಿಪೇರಿ ಎದುರು ಲೆಕ್ಕಕ್ಕೇ ಬರಲ್ಲ. ಆ ಗ್ಯಾರೇಜಿನವರು ಮೋಸಗಾರರು ಅಂತ ನಾನು ಹೇಳಲ್ಲ. "ಪಂಪ್ ಹೋಗಿದೆ" ಅಂತ ನಾವೇ ಹೇಳ್ಕೊಂಡು ಹೋದ್ರೆ ಅವರು ಪಂಪನ್ನೇ ನೋಡ್ತಾರೆ. ಗ್ಯಾರೇಜಿಗೆ ಹೋದಾಗ ರೋಗದ ಹೆಸರು ಹೇಳಬೇಡಿ, ಲಕ್ಷಣ ಹೇಳಿ. ಯಾವಾಗ ಆಗುತ್ತೆ, ಎಷ್ಟು ಡೀಸೆಲ್ ಇದ್ದಾಗ, ಬಿಸಿಯಲ್ಲೋ ತಣ್ಣಗಿದ್ದಾಗಲೋ, ಹೊಗೆ ಯಾವ ಬಣ್ಣ. ಇದನ್ನೆಲ್ಲ ಬಲ್ಲವರು ಸ್ಟೀರಿಂಗ್ ಹಿಂದೆ ಕೂತಿರೋರು. ಮೊದಲು ಅವರನ್ನ ಕೇಳಿ.

ನಿಮ್ಮ ಗಾಡಿ ಹೀಗೆ ಎಲ್ಲಾದ್ರೂ ಕೈಕೊಟ್ಟಿದ್ರೆ, ಕೊನೆಗೆ ಏನು ಸಿಕ್ತು ಅಂತ ಬರೆದು ಕಳಿಸಿ. ಇನ್ನೊಬ್ಬರ ಒಂದು ತಿಂಗಳ ದುಡಿಮೆ ಉಳೀಬಹುದು.