ಗಡಿಯಾರದೊಡನೆ ಪಂದ್ಯ: ಕಾರು ಮತ್ತು ಕಾಯ

ಆಯುಧಪೂಜೆಯ ದಿನ ಚಕ್ರಗಳ ಕೆಳಗೆ ನಿಂಬೆಹಣ್ಣನ್ನಿರಿಸಿ ವಾಹನಕ್ಕೆ ಮಂಗಳಾರತಿ ಬೆಳಗುವ ಪದ್ಧತಿಯನ್ನು ನಾವು ಊರು ಬಿಟ್ಟು ಚೆನ್ನೈಗೆ ಬಂದ ಮೇಲೂ ಉಳಿಸಿಕೊಂಡಿದ್ದೇವೆ. ಆದರೆ ಅದೇ ವಾಹನದ ಒಡಲೊಳಗೆ ಮನೆಯ ಮಕ್ಕಳು ಏನೇನು ಮಾರ್ಪಾಟು ಮಾಡಿಸಿದ್ದಾರೆಂಬುದು ಎಷ್ಟೋ ಹಿರಿಯರಿಗೆ ತಿಳಿದಿರುವುದಿಲ್ಲ. ಸೈಲೆನ್ಸರಿನ ಸದ್ದು ಏಕೆ ಬದಲಾಯಿತು, ಕಾರು ನೆಲಕ್ಕೆ ಏಕೆ ಇಷ್ಟು ತಗ್ಗಿತು, ಟೈರುಗಳಿಗೆ ಇಷ್ಟೊಂದು ಹಣವೇಕೆ ಎಂದು ಕೇಳಿದರೆ ‘ಟೈಮ್ ಅಟ್ಯಾಕ್’ ಎಂಬ ಉತ್ತರ ದೊರೆಯಬಹುದು. ಈ ಹವ್ಯಾಸವೆಂದರೇನು, ಇದರಿಂದ ಶರೀರಕ್ಕೆ ಒದಗುವ ಶ್ರಮ ಎಂತಹುದು, ಅಪಾಯ ಯಾವುದು, ಅದರಿಂದ ರಕ್ಷಣೆ ಹೇಗೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪಂದ್ಯದ ಸ್ವರೂಪ

ಸಾಮಾನ್ಯ ಕಾರುಪಂದ್ಯದಲ್ಲಿ ಹತ್ತಾರು ವಾಹನಗಳು ಒಟ್ಟಿಗೆ ಹೊರಟು ಒಂದನ್ನೊಂದು ಹಿಂದಿಕ್ಕಲು ಹೆಣಗುತ್ತವೆ. ಟೈಮ್ ಅಟ್ಯಾಕಿನಲ್ಲಿ ಹಾಗಲ್ಲ. ಕಾರುಗಳನ್ನು ಅಂತರವಿಟ್ಟು ಒಂದೊಂದಾಗಿ ಪಥಕ್ಕೆ ಬಿಡುತ್ತಾರೆ. ಮೊದಲ ಸುತ್ತು ಟೈರು, ಬ್ರೇಕುಗಳನ್ನು ಬೆಚ್ಚಗಾಗಿಸಲು. ಅನಂತರದ್ದು ಪೂರ್ಣ ವೇಗದ ಸುತ್ತು. ಕೊನೆಯದು ಯಂತ್ರವನ್ನು ತಣಿಸುವ ನಿಧಾನದ ಸುತ್ತು. ಕಾರಿನಲ್ಲಿ ಅಳವಡಿಸಿದ ಪುಟ್ಟ ಸಾಧನವೊಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಕಾಲವನ್ನು ಅಳೆಯುತ್ತದೆ. ಯಾರ ಒಂದು ಸುತ್ತಿನ ಕಾಲ ಅತ್ಯಲ್ಪವೋ ಅವರೇ ವಿಜೇತರು. ಇಲ್ಲಿ ಎದುರಾಳಿ ಪಕ್ಕದ ಕಾರಲ್ಲ, ಗಡಿಯಾರ.

ಈ ಕ್ರೀಡೆಯ ತವರು ಜಪಾನ್. ಅಲ್ಲಿನ ಇಬರಾಕಿ ಪ್ರಾಂತದ ತ್ಸುಕುಬಾ ಪಥ ಕೇವಲ ಎರಡು ಕಿಲೋಮೀಟರಿನಷ್ಟು ಉದ್ದದ್ದು. ಕಾರುಗಳನ್ನು ಮಾರ್ಪಡಿಸುವ ಅಂಗಡಿಗಳವರು ತಮ್ಮ ಕೈಚಳಕವನ್ನು ಒರೆಗೆ ಹಚ್ಚಲು ಅಲ್ಲಿಗೆ ಬರುತ್ತಿದ್ದರು. ಒಂದು ನಿಮಿಷದೊಳಗೆ ಆ ಸುತ್ತನ್ನು ಮುಗಿಸುವುದು ಬಹುಕಾಲ ಅವರ ಹೆಬ್ಬಯಕೆಯಾಗಿತ್ತು.

ಶೋಳವರಂನಿಂದ ಇರುಂಗಾಟ್ಟುಕೋಟ್ಟೈವರೆಗೆ

ಚೆನ್ನೈಗೆ ವೇಗದ ಪಂದ್ಯ ಹೊಸತಲ್ಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು 1953ರಲ್ಲಿ ಸ್ಥಾಪಿತವಾಯಿತು. ನಗರದ ಉತ್ತರಕ್ಕಿರುವ ಶೋಳವರಂನಲ್ಲಿ, ಎರಡನೆಯ ಮಹಾಯುದ್ಧಕಾಲದ ವಿಮಾನಪಟ್ಟಿಯ ಮೇಲೆ, ದಶಕಗಳ ಕಾಲ ಪಂದ್ಯಗಳು ನಡೆದವು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ ಸುಮಾರು 3.7 ಕಿಲೋಮೀಟರ್ ಉದ್ದದ ಪಥ ಸಿದ್ಧವಾಯಿತು. ಅದೇ ಇಂದಿನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್. ಊರಿಗೆ ಹೋಗುವಾಗ ಪೂಂದಮಲ್ಲಿ ದಾಟಿ ಬೆಂಗಳೂರು ಹೆದ್ದಾರಿಯಲ್ಲಿ ಸಾಗುವ ನಾವೆಲ್ಲರೂ ಅದರ ಸಮೀಪದಿಂದಲೇ ಹಾದುಹೋಗುತ್ತೇವೆ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರ ಜನ್ಮಸ್ಥಳವೆಂದು ನಮಗೆ ಪರಿಚಿತವಾದ ಶ್ರೀಪೆರುಂಬುದೂರು, ಯುವಜನರಿಗೆ ಈ ಪಥದಿಂದಲೂ ಪರಿಚಿತ.

ಹವ್ಯಾಸಿಗಳು ಬಳಸುವುದು ವಿಶೇಷ ಪಂದ್ಯವಾಹನಗಳನ್ನಲ್ಲ; ಸುಜುಕಿ ಸ್ವಿಫ್ಟ್, ಹೊಂಡಾ ಸಿಟಿಯಂತಹ ಮನೆಬಳಕೆಯ ಜಪಾನೀ ಕಾರುಗಳನ್ನು. ಚೆನ್ನೈಗೆ ಹತ್ತಿರದ ತಿರುವಳ್ಳೂರಿನಲ್ಲಿ 1998ರಿಂದ ತಯಾರಾಗತೊಡಗಿ ಈಗ ನಿಂತುಹೋಗಿರುವ ಮಿತ್ಸುಬಿಶಿ ಲ್ಯಾನ್ಸರ್ ಕೂಡ ಇಂತಹವರ ಮೆಚ್ಚಿನದು. ಹಗುರವಾದ ಒಡಲು ಮತ್ತು ಉತ್ಸಾಹದಿಂದ ತಿರುಗುವ ಎಂಜಿನ್ ಇವುಗಳ ಗುಣ.

ಮಾರ್ಪಾಟಿನ ಮಿತಿ

ತಿಳಿದವರು ಮೊದಲು ಎಂಜಿನಿಗೆ ಕೈಹಾಕುವುದಿಲ್ಲ. ಒಳ್ಳೆಯ ಟೈರು, ಬ್ರೇಕ್ ಪ್ಯಾಡು, ಸಸ್ಪೆನ್ಷನ್ನುಗಳ ನಂತರವಷ್ಟೇ ಶಕ್ತಿವರ್ಧನೆಯ ಮಾತು. ನಮ್ಮ ನಗರದ ತೇವದ ಹವೆಯಲ್ಲಿ ಬ್ರೇಕ್ ಆಯಿಲ್ ವಿಶೇಷ ಲಕ್ಷ್ಯಕ್ಕೆ ಅರ್ಹ. ‘ಡಾಟ್ 4’ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಆದರೆ ಅದು ಗಾಳಿಯ ತೇವವನ್ನು ಹೀರುತ್ತ ಹೋದಂತೆ ಕುದಿಯುವ ಬಿಂದು 155 ಡಿಗ್ರಿಯ ಸಮೀಪಕ್ಕೆ ಇಳಿಯಬಹುದು. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೆದ್ದರೆ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ.

ಮಾರ್ಪಡಿಸಿದ ಕಾರನ್ನು ರಸ್ತೆಯಲ್ಲಿ ಓಡಿಸುವ ವಿಷಯದಲ್ಲಿ ಕಾನೂನೂ ಕಠಿಣ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಕೂಡದು. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ನಡೆಸಿದರೆ, 2019ರ ತಿದ್ದುಪಡಿಯಂತೆ, ಮೊದಲ ಅಪರಾಧಕ್ಕೇ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ವಿಧಿಸಲ್ಪಡಬಹುದು.

ಶರೀರದ ಮೇಲಾಗುವ ಪರಿಣಾಮ

ಕುಳಿತು ಕಾರು ಓಡಿಸುವುದರಲ್ಲಿ ಶ್ರಮವೇನೆಂದು ಕೆಲವರು ಭಾವಿಸುವುದುಂಟು. ಅದು ತಪ್ಪು ಕಲ್ಪನೆ. ಪಂದ್ಯದ ವೇಳೆ ಚಾಲಕರ ನಾಡಿಬಡಿತ ನಿಮಿಷಕ್ಕೆ 150ನ್ನು ಮೀರುವುದು ಸಾಮಾನ್ಯ. ತಿರುವಿನಲ್ಲಿ ತನ್ನ ತೂಕದಷ್ಟೇ ಬಲ ದೇಹವನ್ನು ಪಕ್ಕಕ್ಕೆ ಎಳೆಯಬಹುದು. ತಲೆ ಮತ್ತು ಹೆಲ್ಮೆಟ್ಟಿನ ಒಟ್ಟು ಆರು ಕಿಲೋಗ್ರಾಮಿನಷ್ಟು ಭಾರವನ್ನು ಕತ್ತಿನ ಸ್ನಾಯುಗಳೇ ಅಡ್ಡಡ್ಡಲಾಗಿ ತಡೆಯಬೇಕು.

ಎಲ್ಲಕ್ಕಿಂತ ಮಿಗಿಲಾದ ಶತ್ರು ತಾಪ. ಬೆಂಕಿನಿರೋಧಕ ಉಡುಪು, ಕೈಗವಸು, ಹೆಲ್ಮೆಟ್ಟು ಧರಿಸಿ, ತಂಪುಯಂತ್ರವನ್ನು ನಿಲ್ಲಿಸಿದ ಕಾರಿನಲ್ಲಿ ಕುಳಿತವನ ಬೆವರು ಚೆನ್ನೈನ ತೇವದ ಹವೆಯಲ್ಲಿ ಆರುವುದಿಲ್ಲ. ಆರದ ಬೆವರು ದೇಹವನ್ನು ತಣಿಸುವುದೂ ಇಲ್ಲ. ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ನಷ್ಟವಾಗಬಹುದು. ಆಗ ಮೊದಲು ಕುಂದುವುದು ತೋಳಿನ ಬಲವಲ್ಲ, ವಿವೇಚನೆ. ಬ್ರೇಕು ಹಾಕಬೇಕಾದ ಸ್ಥಳವನ್ನು ಕಣ್ಣು ಕಂಡರೂ ಬುದ್ಧಿ ತಡವಾಗಿ ಗ್ರಹಿಸುತ್ತದೆ.

ಆ ತಡದ ಬೆಲೆಯನ್ನು ಲೆಕ್ಕಹಾಕಿ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. 120ರಲ್ಲಿ 33 ಮೀಟರ್. ಒಣ ರಸ್ತೆಯಲ್ಲಿ ಬ್ರೇಕು ಹಿಡಿದ ಮೇಲೆ ನಿಲ್ಲಲು ಮೊದಲನೆಯದಕ್ಕೆ ಸುಮಾರು 20 ಮೀಟರ್ ಸಾಕಾದರೆ, ಎರಡನೆಯದಕ್ಕೆ ಸುಮಾರು 80 ಮೀಟರ್ ಬೇಕು. ವೇಗ ಇಮ್ಮಡಿಯಾದರೆ ಆಘಾತದ ಶಕ್ತಿ ನಾಲ್ಮಡಿಯಾಗುತ್ತದೆ. ನಡುರಾತ್ರಿ ಪೂರ್ವ ಕರಾವಳಿ ರಸ್ತೆಯಲ್ಲಿ ನಾಯಿಯೋ ದಾರಿಹೋಕನೋ ಅಡ್ಡಬಂದಾಗ ಈ ಗಣಿತವೇ ತೀರ್ಪು ನೀಡುತ್ತದೆ. ಪಥದಲ್ಲಾದರೋ ಎದುರು ವಾಹನವಿಲ್ಲ, ಬಾವುಟ ಹಿಡಿದ ಕಾವಲಿನವರಿದ್ದಾರೆ, ಅಗ್ನಿಶಾಮಕ ವ್ಯವಸ್ಥೆಯಿದೆ, ಆಂಬ್ಯುಲೆನ್ಸ್ ಇದೆ.

ಆದರೆ ಪಥವೆಂದ ಮಾತ್ರಕ್ಕೆ ಅಭಯವಲ್ಲ. 2023ರ ಜನವರಿಯಲ್ಲಿ ಇದೇ ಪಥದ ಕಾರುಪಂದ್ಯದಲ್ಲಿ ಅನುಭವಿ ಸ್ಪರ್ಧಿ ಕೆ. ಇ. ಕುಮಾರ್ ಅವರು ಮತ್ತೊಂದು ಕಾರಿನೊಡನೆ ಘರ್ಷಣೆಯಾಗಿ ಮೃತರಾದರು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಮೋಟಾರುಸೈಕಲ್ ಪಂದ್ಯದಲ್ಲಿ ಬಿದ್ದು ಪ್ರಾಣ ಕಳೆದುಕೊಂಡ. ಟೈಮ್ ಅಟ್ಯಾಕಿನಲ್ಲಿ ಕಾರುಗಳ ನಡುವೆ ಅಂತರವಿರುವುದರಿಂದ ಒಂದಕ್ಕೊಂದು ತಗಲುವ ಭಯ ಕಡಿಮೆ. ತನ್ನ ಮಿತಿಯನ್ನು ತಾನೇ ಮೀರುವ ಭಯ ಹಾಗೆಯೇ ಉಳಿಯುತ್ತದೆ.

ಪಾಲಿಸಬೇಕಾದ ನಿಯಮಗಳು

1. ಹಿಂದಿನ ರಾತ್ರಿ ಏಳೆಂಟು ಗಂಟೆಗಳ ನಿದ್ರೆ ಅವಶ್ಯ. ಮದ್ಯ ಸರ್ವಥಾ ವರ್ಜ್ಯ. ನೆಗಡಿ, ಅಲರ್ಜಿಗಳಿಗೆ ಸೇವಿಸುವ ಕೆಲವು ಮಾತ್ರೆಗಳು ಮಂಪರು ತರುತ್ತವೆಂಬುದನ್ನು ಮರೆಯಬಾರದು.

2. ಬಾಯಾರುವ ಮುನ್ನವೇ ನೀರು ಕುಡಿಯಬೇಕು. ಉಪ್ಪು ಬೆರೆಸಿದ ಮಜ್ಜಿಗೆ ಉತ್ತಮ; ಎಳನೀರೂ ಒಳ್ಳೆಯದು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿಯೂ ಕುಡಿಯಬಹುದು.

3. ನಾಲ್ವತ್ತು ದಾಟಿದವರೂ, ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಮೂರ್ಛೆರೋಗಗಳಿರುವವರೂ ವೈದ್ಯರ ಅನುಮತಿಯಿಲ್ಲದೆ ಇಳಿಯಕೂಡದು.

4. ಪಂದ್ಯಕ್ಕೆ ತಕ್ಕ ಹೆಲ್ಮೆಟ್ಟು, ಸರಿಯಾಗಿ ಬಿಗಿದ ಬೆಲ್ಟು, ಕತ್ತಿನ ರಕ್ಷಾಪಟ್ಟಿ—ಇವುಗಳ ಖರ್ಚು ಎಂಜಿನಿನ ಖರ್ಚಿಗಿಂತ ಮೊದಲು ಬರಲಿ.

5. ತಲೆಸುತ್ತು, ವಾಂತಿ, ತೊದಲು ಮಾತು, ಗೊಂದಲ ಕಂಡರೆ ತಾಪಾಘಾತವೆಂದು ಶಂಕಿಸಿ ನೆರಳಿಗೆ ಕರೆತಂದು, ಉಡುಪು ಸಡಿಲಿಸಿ, ಮೈಗೆ ನೀರೆರಚಿ ಗಾಳಿ ಬೀಸಬೇಕು. 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

6. ಅಪಘಾತವಾದಾಗ ಗಾಯಾಳುವನ್ನು ಎಳೆದಾಡಬಾರದು, ಹೆಲ್ಮೆಟ್ಟನ್ನು ಕೀಳಬಾರದು. ಬೆಂಕಿಯ ಭಯವಿಲ್ಲದಿದ್ದರೆ ತರಬೇತಿ ಪಡೆದವರು ಬರುವವರೆಗೆ ಕತ್ತು ಅಲುಗದಂತೆ ಹಿಡಿದಿರುವುದೇ ಉಪಕಾರ.

ಹಿರಿಯರಲ್ಲಿ ಒಂದು ವಿನಂತಿ

ಯೌವನಕ್ಕೆ ವೇಗದ ಹಂಬಲ ಸಹಜ. ಗದರಿಸಿದರೆ ಅದು ಅಳಿಯದು. ಅಡಗಿಕೊಂಡು ರಾತ್ರಿಯ ರಸ್ತೆಗೆ ಇಳಿಯುತ್ತದೆ. ಆದ್ದರಿಂದ ಮಗನೋ ಮಗಳೋ ಈ ಹವ್ಯಾಸದ ಮಾತೆತ್ತಿದಾಗ ಹಿರಿಯರು ಸಮಾಧಾನದಿಂದ ಕೇಳಲಿ, ಸಾಧ್ಯವಾದರೆ ಒಮ್ಮೆ ಇರುಂಗಾಟ್ಟುಕೋಟ್ಟೈಗೆ ಜೊತೆಗೇ ಹೋಗಿ ನೋಡಿ ಬರಲಿ. ಕಿರಿಯರಾದರೋ ಒಂದು ಮಾತನ್ನು ನೆನಪಿನಲ್ಲಿಡಲಿ: ಕಾರಿನ ಸವೆದ ಭಾಗಕ್ಕೆ ಬದಲಿ ಭಾಗ ಅಂಗಡಿಯಲ್ಲಿ ದೊರೆಯುತ್ತದೆ, ಕತ್ತಿನ ಎಲುಬಿಗೆ, ಮಿದುಳಿಗೆ ದೊರೆಯದು. ಪಂದ್ಯದಲ್ಲಿ ಅರ್ಧ ಸೆಕೆಂಡು ಉಳಿಸಿದವನಿಗೆ ಅಂದು ಸಂತೋಷ. ಸಂಜೆ ಕ್ಷೇಮವಾಗಿ ಮನೆ ಸೇರಿದವನಿಂದ ಮನೆಮಂದಿಗೆಲ್ಲ ಸಂತೋಷ.